ಅವರು ಕಳಿಸದ ಪತ್ರ

ಕೊಳ್ಳೇಗಾಲದ ನಮ್ಮ ಕಚೇರಿಯಲ್ಲಿ ನಾನು ಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಆಗ ಇಮೇಲ್ ಬರುತ್ತಿದ್ದದ್ದು ಸಾಹೇಬರ ಕೋಣೆಯ ಒಂದೇ ಕಂಪ್ಯೂಟರಿಗೆ. ಹನೂರು, ಯಳಂದೂರು ಶಾಖೆಗಳ ನೌಕರರಿಗೆ ಬಂದದ್ದನ್ನು ಪ್ರಿಂಟ್ ತೆಗೆದು, ಆ ಕಡೆ ಹೋಗುವವರ ಕೈಯಲ್ಲಿ ಕಳಿಸಬೇಕಿತ್ತು. ಹಾಗಾಗಿ ಪ್ರತಿಯೊಬ್ಬರಿಗೂ ಸ್ವಂತ ಇಮೇಲ್ ಕೊಡಿ, ಇಂಟರ್‌ನೆಟ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವುದನ್ನು ಕಲಿಸಿ ಎಂದು ಮೇಲಿನಿಂದ ಆದೇಶ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

ಯಳಂದೂರಿನಲ್ಲಿ ಒಬ್ಬ ಹೆಂಗಸು ಗುಮಾಸ್ತೆಯಾಗಿದ್ದರು. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸ ಸಿಕ್ಕಿತ್ತು. ನಾನು ಅಕ್ಕ ಎನ್ನುತ್ತಿದ್ದೆ. ಕಡತ ಬರೆಯುವುದರಲ್ಲಿ ಅವರದು ಒಳ್ಳೆಯ ಕೈ. ಕೀಬೋರ್ಡಿನ ಮುಂದೆ ಕೂತರೆ ಮಾತ್ರ ಬೆವರುತ್ತಿದ್ದರು.

“ಪಾಸ್‌ವರ್ಡ್ ನೀನೇ ಆಕ್ಬುಡವ್ವ. ನಂಗೆಲ್ಲಿ ನೆಪ್ಪಿರ್ತದೆ?”

ನಾನೇ ಹಾಕಿದೆ. ಅವರಿಗಷ್ಟೇ ಅಲ್ಲ, ಮೂರೂ ಊರಿನವರಿಗೂ ಒಂದೇ ಬಗೆಯದು: ಹೆಸರು, ಅದರ ಜೊತೆ ಕೆಲಸಕ್ಕೆ ಸೇರಿದ ವರ್ಷ. ಆಮೇಲೆ ಬದಲಾಯಿಸಿಕೊಳ್ಳಿ ಎಂದು ಹೇಳಿ ಬಂದೆ. ಯಾರೂ ಬದಲಾಯಿಸಲಿಲ್ಲ. ಬದಲಾಯಿಸಿದಿರಾ ಎಂದು ನಾನೂ ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಅವರಿಂದ ಫೋನು. “ನನ್ನ ಲೊಕ್ಕನಹಳ್ಳಿಗೆ ಆಕವ್ರೆ ಕಣವ್ವ. ನಾನೇ ಕೇಳ್ಕಂಡಿವ್ನಂತೆ!”

ಲೊಕ್ಕನಹಳ್ಳಿಯೆಂದರೆ ಹನೂರಿನಿಂದಲೂ ಆಚೆ, ಆ ಶಾಖೆಗೇ ಸೇರಿದ ಕಾಡಂಚಿನ ಸಣ್ಣ ಕಚೇರಿ. ಮರುದಿನವೇ ಯಳಂದೂರಿಗೆ ಹೋಗಿ ಅವರ ಇಮೇಲ್ ತೆರೆದೆ. ಕಳಿಸಿದ ಪತ್ರಗಳಲ್ಲಿ ಒಂದೇ ಒಂದಿತ್ತು. ಕೌಟುಂಬಿಕ ಕಾರಣಗಳಿಂದ ತನ್ನನ್ನು ಲೊಕ್ಕನಹಳ್ಳಿಗೆ ವರ್ಗಾಯಿಸಬೇಕೆಂಬ ಕೋರಿಕೆ, ಕೆಳಗೆ ಅವರ ಹೆಸರು. ಓದಿ ಹೇಳಿದಾಗ ಅಕ್ಕ ತಾರೀಕು ಕೇಳಿದರು. ಪತ್ರ ಹೋದ ದಿನ ಅವರು ರಜೆ ಹಾಕಿ, ಹಾಸಿಗೆ ಹಿಡಿದ ಅತ್ತೆಯನ್ನು ಕಾಮಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ಅಷ್ಟು ಸಾಕು ಎಂದುಕೊಂಡು ಅವರನ್ನು ಕರೆದುಕೊಂಡು ಕೊಳ್ಳೇಗಾಲದ ಸಾಹೇಬರ ಮುಂದೆ ನಿಂತೆ. ಸಾಹೇಬರು ಸಮಾಧಾನದಿಂದಲೇ ಕೇಳಿದರು.

“ರಜದಲ್ಲಿದ್ರೆ ಏನಮ್ಮ? ಎಲ್ಲಿಂದ ಬೇಕಾದ್ರೂ ತೆಗೀಬೋದು ಅಂತ ಹೇಳ್ಕೊಟ್ಟಿದ್ದು ಇವರೇ ಅಲ್ವಾ?” ಎಂದು ನನ್ನ ಕಡೆ ಕೈ ತೋರಿಸಿದರು.

“ನಂಗೆ ಟೈಪ್ ಮಾಡಕೇ ಬರಲ್ಲ ಸಾ.”

“ಯಾರ ಕೈಲೋ ಮಾಡಿಸಿರ್ತೀರ. ನಿಮ್ಮ ಇಮೇಲಿಂದ ಬಂತು ಅಂದ್ರೆ ನೀವು ಕಳಿಸಿದ ಹಾಗೇ.”

ಪಾಸ್‌ವರ್ಡ್ ಯಾರು ಬೇಕಾದರೂ ಊಹಿಸಬಹುದಿತ್ತು ಎನ್ನಬೇಕಾದರೆ, ಅದನ್ನು ಹಾಗೆ ಇಟ್ಟವಳು ನಾನು ಎಂದೂ ಹೇಳಬೇಕಿತ್ತು. ಹೇಳಿದೆ, ತಡವಾಗಿ, ತೊದಲುತ್ತ. “ಹಾಗಾದ್ರೆ ನಿಮ್ಮ ಮೇಲೆ ರಿಪೋರ್ಟ್ ಬರೀಲಾ?” ಎಂದರು ಸಾಹೇಬರು. ಅಕ್ಕನೇ ನನ್ನ ತೋಳು ಹಿಡಿದು ಹೊರಗೆ ಕರೆತಂದರು.

ಯಾವ ಕಂಪ್ಯೂಟರಿನಿಂದ ಹೋಯಿತೆಂದು ಇಮೇಲ್ ನೋಡಿಕೊಳ್ಳುವವರನ್ನು ಕೇಳಿದೆ. ಪೊಲೀಸರು ಬರೆದು ಕೇಳಿದರೆ ಮಾತ್ರ ಕೊಡುತ್ತೇವೆಂದರು. ಅಕ್ಕ ಅದಕ್ಕೆ ಒಪ್ಪಲಿಲ್ಲ. “ಜೊತೇಲಿ ಕೂತು ಉಂಡೋರ ಮ್ಯಾಲೆ ಕಂಪ್ಲೇಂಟ್ ಕೊಟ್ಬುಟ್ಟು ಎಂಗವ್ವ ಕೆಲ್ಸ ಮಾಡಾದು?” ಎಂದರು. ಯಾರ ಮೇಲೆ ಅನುಮಾನವೆಂದು ನಾನು ಕೇಳಲಿಲ್ಲ. ಅವರ ಜಾಗಕ್ಕೆ ಯಾರನ್ನು ಹಾಕಿದ್ದಾರೆಂಬುದು ಇಬ್ಬರಿಗೂ ಗೊತ್ತಿತ್ತು. ಅದೊಂದೇ ಸಾಕ್ಷಿಯಾಗುವುದಿಲ್ಲವೆಂಬುದೂ ಗೊತ್ತಿತ್ತು. ಕೊನೆಗೆ ವರ್ಗಾವಣೆ ರದ್ದುಮಾಡಿ ಎಂದು ಅವರು ಹೇಳಿದಂತೆ ನಾನು ಟೈಪ್ ಮಾಡಿ, ಅವರ ಇಮೇಲಿನಿಂದಲೇ ಮೇಲಧಿಕಾರಿಗಳಿಗೆ ಕಳಿಸಿದೆ.

ಅತ್ತೆಯನ್ನು ಶಾಗ್ಯದಲ್ಲಿದ್ದ ನಾದಿನಿಯ ಮನೆಯಲ್ಲಿ ಬಿಟ್ಟು ಅಕ್ಕ ಲೊಕ್ಕನಹಳ್ಳಿಗೆ ಹೋದರು. ಹೊರಡುವ ಮುಂಚೆಯೇ ಅವರಿಂದ ಹೊಸ ಪಾಸ್‌ವರ್ಡ್ ಹಾಕಿಸಿದ್ದೆ. ಆಮೇಲೆ ನಾನು ಮೂರೂ ಊರಿಗೆ ಹೋಗಿ, ಒಬ್ಬೊಬ್ಬರನ್ನೂ ಕೂರಿಸಿ ಪಾಸ್‌ವರ್ಡ್ ಬದಲಾಯಿಸಿದೆ. ವಾರದೊಳಗೆ ಅರ್ಧ ಜನ ಮರೆತು ನನಗೇ ಫೋನ್ ಮಾಡಿದರು.

ಒಮ್ಮೆ ಪ್ರಿಂಟರ್ ಸರಿಮಾಡಲು ಲೊಕ್ಕನಹಳ್ಳಿಗೂ ಹೋದೆ. ಅಕ್ಕ ಸೊರಗಿದ್ದರು. ಅತ್ತೆ ಫೋನಿನಲ್ಲಿ ದಿನಾ ಅಳುತ್ತಾರಂತೆ. ಮನವಿಗೆ ಉತ್ತರ ಬಂತೇ ಎಂದು ನೋಡಲು ಇಬ್ಬರೂ ಕೂತೆವು. ಇಂಟರ್‌ನೆಟ್ ಬರಲಿಲ್ಲ. ಬಸ್ಸಿನ ಹೊತ್ತಾಗುವವರೆಗೂ ಕಾದೆವು. ಹೊರಟಾಗ ಅವರು ತಮ್ಮ ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟರು. ಯಾರಿಗೂ ಕೊಡಬಾರದು ಅಕ್ಕ ಎಂದೆ.

“ನಿಂಗಲ್ದೆ ಇನ್ಯಾರ್ಗವ್ವ ಕೊಡ್ಲಿ? ಅಲ್ಲಿಂದ ನೋಡಿ ಯೋಳು.”

ಮರುದಿನ ಕೊಳ್ಳೇಗಾಲದಿಂದ ತೆರೆದೆ. ಸುತ್ತೋಲೆಗಳಿದ್ದವು, ರಜಾಪಟ್ಟಿಯಿತ್ತು. ಉತ್ತರವಿರಲಿಲ್ಲ. ಫೋನ್ ಮಾಡಿ ಹೇಳಿದೆ.

“ಇನ್ನೊಂದ್ಕಿತ ನೋಡವ್ವ. ಕೆಳಗೆಲ್ಲಾದ್ರೂ ಇದ್ದಾತು.”

ಇಲ್ಲವೆಂದು ಗೊತ್ತಿದ್ದೂ ಕೆಳಗಿನವರೆಗೆ ಇನ್ನೊಮ್ಮೆ ನೋಡಿದೆ. ಅವರು ಫೋನ್ ಹಿಡಿದೇ ಇದ್ದರು.