ಹಿಡಿದುಕೊಂಡ ದವಡೆ

ಆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ರೇಡಿಯೋ ಎಂದು. ಅವನ ಕ್ಷೌರದಂಗಡಿಯಲ್ಲಿ ಕತ್ತರಿ ನಿಂತರೂ ನಾಲಿಗೆ ನಿಲ್ಲುತ್ತಿರಲಿಲ್ಲ. ಕತ್ತರಿಸಲು ಕೂದಲೇ ಇಲ್ಲದವರೂ ಕಥೆ ಕೇಳಲು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. "ಬೋಳುತಲೆಯವರಿಗೆ ಅರ್ಧ ಕಥೆ ಮಾತ್ರ" ಎಂದು ಅವನು ರೇಗಿಸುತ್ತಿದ್ದ.

ಎರಡೂ ಕಡೆಯ ದವಡೆಹಲ್ಲುಗಳು ಹುಳುಕಾಗಿ, ನೋವು ತಡೆಯಲಾಗದೆ ಕೊನೆಗೆ ಹಲ್ಲಿನ ಡಾಕ್ಟರ ಬಳಿಗೆ ಹೋದ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೈ ಹಗುರ. ಆದರೆ ಬೇರಿನ ತನಕ ಕೊರೆದು, ತೊಳೆದು, ಮುಚ್ಚುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಪ್ರತಿಸಲವೂ ಹಲ್ಲುಗಳ ನಡುವೆ ರಬ್ಬರಿನ ತುಂಡು ಸಿಕ್ಕಿಸಿಕೊಂಡು, ಸೂರು ನೋಡುತ್ತ ಬಾಯಿ ತೆರೆದು ಮಲಗಿರಬೇಕು. ಮನೆಗೆ ಬಂದಾಗ ಕಿವಿಯ ಮುಂದಿನ ಸ್ನಾಯು ಮರಗಟ್ಟಿರುತ್ತಿತ್ತು.

"ತುಂಬ ಹೊತ್ತು ತೆರೆದಿಟ್ಟಿದ್ದಕ್ಕೆ ಹಿಡ್ಕೊಂಡಿದೆ. ಬಿಸಿ ಬಟ್ಟೆ ಇಡಿ, ಮೆತ್ತಗಿರೋದು ತಿನ್ನಿ, ಮಾತು ಕಮ್ಮಿ ಮಾಡಿ" ಎಂದರು ಡಾಕ್ಟರು.

"ಬಾಯಿ ಬಿಟ್ಟು ಮಲಗಿದ್ದಕ್ಕೇ ಈ ಗತಿ ಬಂತು. ಈಗ ಬಾಯಿ ಮುಚ್ಕೊಂಡಿರು ಅಂತೀರಲ್ಲಮ್ಮ" ಎಂದ. ಡಾಕ್ಟರು ನಕ್ಕುಬಿಟ್ಟರು. ಅವನೂ ನಗಲು ಹೋದ. ದವಡೆ ಅರ್ಧಕ್ಕೇ ನಿಂತಿತು.

ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ದವಡೆ ಸಡಿಲವಾಗುತ್ತದೆ, ಅವನಿಗೆ ಆಗಲಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವ ಹಳೇ ಅಭ್ಯಾಸದಿಂದ ಆ ಸ್ನಾಯುಗಳು ಮೊದಲೇ ಬಳಲಿದ್ದಿರಬೇಕು ಎಂದರು ಡಾಕ್ಟರು. ದೊಡ್ಡ ಆಸ್ಪತ್ರೆಗೂ ಕಳಿಸಿದರು. ಅಲ್ಲಿ ವ್ಯಾಯಾಮ ಹೇಳಿಕೊಟ್ಟರು, ಇಂಜೆಕ್ಷನ್ ಕೊಟ್ಟರು. ವರ್ಷ ಕಳೆದರೂ ಬಾಯಿ ಒಂದು ಬೆರಳು ತೂರುವಷ್ಟೇ ತೆರೆಯುತ್ತಿತ್ತು, ನಾಲ್ಕು ಮಾತಾಡಿದರೆ ನೋವು ಕಿವಿಗೇರುತ್ತಿತ್ತು. ಆಕಳಿಕೆ ಬಂದರೆ ಗಲ್ಲವನ್ನು ಅಂಗೈಯಲ್ಲಿ ಒತ್ತಿ ಹಿಡಿಯುತ್ತಿದ್ದ. ಹೆಂಡತಿ ಅನ್ನವನ್ನು ಕಿವುಚಿ ಗಂಜಿ ಮಾಡಿ ಕೊಡುತ್ತಿದ್ದಳು. ಅವನು ಏನಾದರೂ ಹೇಳಹೊರಟರೆ, "ಸುಮ್ನಿರಿ, ಗೊತ್ತಾಯ್ತು" ಎನ್ನುವಳು. ಎಷ್ಟೋ ಸಲ ಅವಳಿಗೆ ಗೊತ್ತಾಗಿರುತ್ತಿರಲಿಲ್ಲ.

ಒಮ್ಮೆ ಭಾವಮೈದುನ ಮನೆಗೆ ಬಂದಾಗ ಅವಳು ಗಂಡನ ಪರವಾಗಿ ಅವನದೇ ಒಂದು ತಮಾಷೆಯ ಕಥೆ ಹೇಳಿದಳು. ಕೊನೆಯಲ್ಲಿ ಬರಬೇಕಾದ ಮಾತನ್ನು ನಡುವೆಯೇ ಆಡಿಬಿಟ್ಟಳು. ತಿದ್ದಲು ಕೈ ಎತ್ತಿದವನು ಅವಳ ಮುಖ ನೋಡಿ ಕೈ ಇಳಿಸಿದ. ಭಾವಮೈದುನ ಮರ್ಯಾದೆಗೆ ನಕ್ಕ.

ಅಂಗಡಿಯ ಬೆಂಚು ಖಾಲಿಯಾಯಿತು. ಕೂದಲು ಕತ್ತರಿಸಿಕೊಳ್ಳುವವರು ಮಾತ್ರ ಬರುತ್ತಿದ್ದರು, ಕುರ್ಚಿಯಲ್ಲೇ ತೂಕಡಿಸುತ್ತಿದ್ದರು.

ಒಂದು ಮಧ್ಯಾಹ್ನ ಹಳೆಯ ಗಿರಾಕಿಯಾದ ಮೇಷ್ಟ್ರು ಕೊರಳಿನ ಬಟ್ಟೆ ಬಿಚ್ಚಿಸಿಕೊಳ್ಳುತ್ತ, "ತಪ್ಪು ತಿಳ್ಕೋಬೇಡಪ್ಪ, ಆಗಿನ ಗಲಾಟೆಗಿಂತ ಈಗ್ಲೇ ವಾಸಿ. ಇಲ್ಲಿ ಕೂತ್ರೆ ತಲೆ ಹಗುರಾಗುತ್ತೆ, ನೆಮ್ಮದಿ" ಎಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅವನು ತಲೆಯಾಡಿಸಿ, ಅವರ ಭುಜದ ಮೇಲಿನ ಕೂದಲು ಒರೆಸಿ, ಮುಂದಿನವನಿಗೆ ಕುರ್ಚಿ ತಿರುಗಿಸಿದ.