ಬಣ್ಣ ಕಳೆಯುವ ಅಣಬೆ

ಮೊನ್ನೆ ಮೊನ್ನೆಯವರೆಗೂ ನಾನು ತಲೆಗೆ ಬಣ್ಣ ಹಚ್ಚುತ್ತಿದ್ದೆ. ಕೂದಲು ಯಾಕೆ ಬೆಳ್ಳಗಾಗುತ್ತದೆಂದು ನಿವೃತ್ತ ರಸಾಯನಶಾಸ್ತ್ರದ ಮಾಸ್ತರನಾದ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಒಂದು ಕೂದಲೂ ಕಪ್ಪಾಗಲಿಲ್ಲ.

ನನ್ನ ಈ ಗುಟ್ಟು ಮೊದಲು ತಿಳಿದದ್ದು ಅತ್ತೆಯವರಿಗೆ. ಅವರದು ಇಳಕಲ್ಲಿನ ಸೀರೆ ವ್ಯಾಪಾರದ ಮನೆತನ. ಯಾವ ಸೀರೆ ಬಂದರೂ ತುದಿ ತೋಯಿಸಿ, ಬಿಳಿ ಅರಿವೆಯ ಮೇಲೆ ತಿಕ್ಕಿ ನೋಡುತ್ತಾರೆ. ಬಣ್ಣ ಬಿಟ್ಟರೆ ಮಾಲು ವಾಪಸು. ನಾನು ಮಲಗಿ ಎದ್ದ ತಲೆದಿಂಬನ್ನೂ ಹಾಗೆಯೇ ನೋಡಿದ್ದರು. ಅಳಿಯನಾದ್ದರಿಂದ ವಾಪಸು ಕಳಿಸಲಿಲ್ಲ, ಅಷ್ಟೆ.

ಇಂಥ ಅತ್ತೆಯವರಿಂದ ನನ್ನ ಮಗಳು ಸುಮಾಗೆ ಒಂದು ಕೋಣೆ ಬೇಕಾಗಿತ್ತು. ಬಾಗಲಕೋಟೆಯ ಕಾಲೇಜಿನಲ್ಲಿ ಅವಳದು ಅಣಬೆಯ ಮೇಲೆ ಸಂಶೋಧನೆ. ಅಜ್ಜಿಯ ಮನೆಯ ಹಳೆಯ ಮಗ್ಗದ ಕೋಣೆ ಖಾಲಿ ಬಿದ್ದಿತ್ತು: ಅರೆಗತ್ತಲೆ, ತಂಪು, ಹಸಿ ನೆಲ. ನೂಲು ಹರಿಯಬಾರದೆಂದು ನೇಕಾರರು ಬಯಸುವ ಹಸಿಯೇ ಅಣಬೆಗೂ ಬೇಕು. ಆದರೆ ಆ ಲಿಂಗಪೂಜೆಯ ಮನೆಯಲ್ಲಿ ಅಣಬೆಗೆ ಹಿತ್ತಲಿಗೂ ಪ್ರವೇಶವಿಲ್ಲ. ಕೋಣೆ ಸಿಗದಿದ್ದರೆ ಅವಳ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ನನಗೂ ಚಿಂತೆಯೇ.

ಸುಮಾ ಅಜ್ಜಿಯನ್ನೂ ನನ್ನನ್ನೂ ಕಾಲೇಜಿನ ಪ್ರಯೋಗಾಲಯಕ್ಕೇ ಕರೆದೊಯ್ದಳು. ಅಣಬೆ ಕುದಿಸಿದ ಕಟ್ಟಿನಲ್ಲಿ ಪಾಲಿಸ್ಯಾಕರೈಡ್ ಎಂಬ ಉದ್ದುದ್ದ ಸಕ್ಕರೆ ಸರಪಳಿಗಳಿರುತ್ತವೆ. ಅವನ್ನು ಬೇರ್ಪಡಿಸಿಟ್ಟಿದ್ದಳು. ಒಂದು ನೇರಳೆ ದ್ರಾವಣಕ್ಕೆ ಆ ಸಾರವನ್ನು ಹನಿಸಿದಳು. ನೋಡನೋಡುತ್ತ ನೇರಳೆ ಹೋಗಿ ಹಳದಿಯಾಯಿತು. ನಾನು ಚಪ್ಪಾಳೆ ತಟ್ಟಿದೆ.

ಅತ್ತೆಯವರು ಮುಖ ಗಂಟಿಕ್ಕಿದರು. “ಬಣ್ಣಾನ ಕೆಡಸ್ತೈತಲ್ಲ! ಇದನ್ನ ಉಂಡ್ರ ಒಳಗ ಏನ್ ಉಳೀತೈತಿ?”

ನನ್ನೊಳಗಿನ ಮಾಸ್ತರ ಎದ್ದು ನಿಂತ. ಫ್ರೀ ರ‍್ಯಾಡಿಕಲ್, ಎಲೆಕ್ಟ್ರಾನ್, ಆಂಟಿಆಕ್ಸಿಡೆಂಟ್ ಎಂದು ಪಾಠ ಶುರುಮಾಡಿದೆ. ಅತ್ತೆಯವರು ಆಕಳಿಸಿದರು.

ಸುಮಾ ನನ್ನನ್ನು ಸುಮ್ಮನಿರಿಸಿದಳು. “ಆಯಿ, ಈ ನೇರಳಿ ಸಿಟ್ಟಿಗೆದ್ದ ಕೂಸಿದ್ದಂಗ. ಕಂಡಕಂಡದ್ದು ಕಸ್ಕೊಂತೈತಿ. ಅಣಬಿ ತನ್ನ ಕಡೆ ಇದ್ದದ್ದು ಕೊಟ್ಟು ಸುಮ್ಮನ ಮಾಡ್ತೈತಿ. ಬಣ್ಣ ಹೋತಂದ್ರ ಸಿಟ್ಟು ಇಳೀತಂತ.”

“ಹೊಟ್ಟ್ಯಾಗೂ ಹಿಂಗ ಆಗ್ತೈತೇನು?”

“ಅದು ಇನ್ನೂ ಗೊತ್ತಿಲ್ಲ, ಆಯಿ. ಅದಕ್ಕ ಖೋಲಿ ಕೇಳಾಕತ್ತೇನಿ.”

ಗೊತ್ತಿಲ್ಲ! ಪಾಠ ಹೇಳಿದಷ್ಟು ಕಾಲವೂ ನನ್ನ ಬಾಯಿಂದ ಬಾರದ ಮಾತು. ಅತ್ತೆಯವರು ಮೊಮ್ಮಗಳನ್ನು ಒಮ್ಮೆ ದಿಟ್ಟಿಸಿ ನೋಡಿ, ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟರು. “ಬೆಳಸವಾ. ಆದ್ರ ಮೊದಲ ನಿಮ್ಮಪ್ಪಾರಿಗೆ ಉಣಸು. ಅವರ ಬಣ್ಣ ಹೆಂಗೂ ನಿಲ್ಲೂದಿಲ್ಲ.”

ಈಗ ಮಗ್ಗದ ಕೋಣೆಯಲ್ಲಿ ಅಣಬೆ ಅರಳುತ್ತಿದೆ. ಅತ್ತೆಯವರು ಮುಟ್ಟುವುದಿಲ್ಲ, ಆದರೆ ಸೀರೆ ಕೊಳ್ಳಲು ಬಂದವರಿಗೆಲ್ಲ ತೋರಿಸುತ್ತಾರೆ. ನಾನು ಪಲ್ಯ ಮಾಡಿಸಿಕೊಂಡು ತಿನ್ನುತ್ತೇನೆ. ಏನಾದರೂ ಗುಣ ಕಂಡಿತೇ ಎಂದು ಗೆಳೆಯರು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ; ಹಾಗನ್ನುವುದು ಇಷ್ಟು ಹಗುರವೆಂದು ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು. ತಲೆಯ ಬಣ್ಣದ ಡಬ್ಬಿ ಮುಗಿದ ಮೇಲೆ ಮತ್ತೆ ತಂದಿಲ್ಲ. ತಲೆಯ ಜೊತೆ ತಲೆದಿಂಬೂ ಈಗ ಬೆಳ್ಳಗಿದೆ.