ಪವರ್ ಸಪ್ಲೈ ಬದಲಿಸಿದರೂ ಬಾರದ ಸಿಗ್ನಲ್

ಸ್ನೇಹಿತರೇ, ಇವತ್ತು ಬಿಳಿಚೋಡಿನಲ್ಲಿ ಮೊಬೈಲ್ ಟವರ್ ಕೆಟ್ಟಿತ್ತು. ರಿಪೇರಿಗೆ ಹೋದ ನನ್ನ ಹಿಂದೆಯೇ ಟವರ್ ಪಕ್ಕದ ಮನೆಯ ಗಂಗಮ್ಮ ಬಂದು ನಿಂತರು.

"ಅಳಿಯ ಮಗಳನ್ನ ಹೆರಿಗೆಗೆ ದಾವಣಗೆರೆಗೆ ಕರ್ಕೊಂಡು ಹೋಗ್ಯಾನೆ. ಫೋನ್ ಮಾಡಾಕೂ ಆಗ್ತಿಲ್ಲ, ಬೇಗ ನೋಡ್ರಿ."

ಟವರ್ ಬುಡದ ಉಪಕರಣಗಳ ರ‍್ಯಾಕಿನ ಪವರ್ ಸಪ್ಲೈ ಆನ್ ಆದ ಕೂಡಲೇ ಆಫ್ ಆಗುತ್ತಿತ್ತು. ಹೊಸದು ಹಾಕಿದರೂ ಅದೇ ಕಥೆ. ಕೊನೆಗೆ ಅದರೊಳಗಿನ ಸರ್ಕ್ಯೂಟ್ ಕಾರ್ಡುಗಳನ್ನೆಲ್ಲ ಹೊರಗೆಳೆದು, ಒಂದೊಂದಾಗಿ ಮತ್ತೆ ಕೂರಿಸಿದೆ. ಒಂದು ಕಾರ್ಡು ಹಾಕಿದ್ದೇ ತಡ, ಪುನಃ ಆಫ್. ಶಾರ್ಟ್ ಆಗಿದ್ದು ಅದೇ. ಬದಲಾಯಿಸಿದೆ, ಸಿಗ್ನಲ್ ಬಂತು.

ಗಂಗಮ್ಮನ ಫೋನ್ ಬಡಿದುಕೊಂಡಿತು. "ಹೆಣ್ಣು ಮಗು ಅಂತೆ! ಇಬ್ರೂ ಆರಾಮಾಗಿದಾರಂತೆ!" ಎಂದು ಅಲ್ಲೇ ಕೂತು ಅತ್ತುಬಿಟ್ಟರು.

ನನಗೆ ಬಂದ ಮೊದಲ ಕರೆ ನಮ್ಮ ಸಾಹೇಬರದು. "ಬೆಳಗ್ಗಿಂದ ನಾಟ್ ರೀಚಬಲ್ ಅಂತೈತೆ, ಎಲ್ಲಿದ್ರೀ?"

"ಟವರ್ ಕೆಳಗೇ ಇದ್ದೆ ಸಾರ್" ಎಂದೆ.